ಕತ್ತಿಯ ಹಿಡಿ

ಅಕ್ಕನ ಕೆಲಸ ಮೂಗಿನಿಂದ ಶುರುವಾಗುತ್ತಿತ್ತು. ಹಳೆಯ ಅನಿಮೆ ಗೊಂಬೆಗಳನ್ನು ಕೊಂಡು ಮಾರುವ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಅವಳ ಮೇಜು. ಬಂದ ಗೊಂಬೆಯನ್ನು ಪರೀಕ್ಷೆ ಮಾಡಿ ಅದು ಯಾವ ದರ್ಜೆಯದು ಎಂದು ಹೇಳುವುದು ಅವಳ ಉದ್ಯೋಗ. ಜಪಾನಿ ಕಾರ್ಟೂನು ಕತೆಗಳ ವೀರರು, ಮಾಟಗಾತಿಯರು, ರಾಕ್ಷಸರು ಎಲ್ಲ ಅವಳ ಕೈಮೇಲೆ ಹಾದು ಹೋಗಬೇಕು. ಗೇಣುದ್ದದ ಪ್ಲಾಸ್ಟಿಕ್ ಮೈ, ಕುತ್ತಿಗೆಗೆ, ಮೊಣಕೈಗೆ, ಮಣಿಕಟ್ಟಿಗೆಲ್ಲ ಕೀಲು. ಮಕ್ಕಳ ಆಟದ ಸಾಮಾನು ಎಂದುಕೊಂಡು ಒಳಗೆ ಬಂದವರು ಬೆಲೆ ಕೇಳಿ ಬಂದ ದಾರಿ ಹಿಡಿಯುತ್ತಿದ್ದರು. ಇವನ್ನು ಕೂಡಿಡುವವರು ಕೆಲಸಕ್ಕೆ ಹೋಗುವ, ಸಂಸಾರ ಇರುವ, ತಲೆ ನೆರೆತ ಜನ.

ಪೆಟ್ಟಿಗೆ ತೆರೆದ ಕೂಡಲೇ ಮೂಸಬೇಕು. ತಾನು ಎಂಥ ಮನೆಯಲ್ಲಿ ಬಾಳಿದೆ ಎಂಬುದನ್ನು ಗೊಂಬೆ ಮುಚ್ಚಿಡಲಾರದು. ಸಿಗರೇಟಿನ ಮನೆ, ನಾಯಿ ಸಾಕಿದ ಮನೆ, ಒದ್ದೆ ಬಟ್ಟೆಯನ್ನು ಕೋಣೆಯೊಳಗೇ ಒಣಗಿಸುವ ಮನೆ, ಕರಿದ ಎಣ್ಣೆಯ ಹೊಗೆ ಹೊರಗೆ ಹೋಗದ ಮನೆ. ಆಮೇಲೆ ಬೆರಳಿನ ಸರದಿ. ಹಳೆಯ ಪ್ಲಾಸ್ಟಿಕ್ ಬೆವರುತ್ತದೆ. ಗಾಳಿಯಾಡದ ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಬಿದ್ದಿದ್ದರೆ ಮೈಮೇಲೆ ಜಿಗುಟು ಏಳುತ್ತದೆ, ಜಿಗುಟಿನ ಮೇಲೆ ಧೂಳು, ಧೂಳಿನಲ್ಲಿ ಯಾರದೋ ಕೂದಲು, ಒಂದೊಂದು ಸಲ ಜಿರಲೆಯ ಕಾಲು. ಒಮ್ಮೆ ಒಬ್ಬ ವೀರನ ಕಂಕುಳ ಕೀಲಿನೊಳಗೆ ಒಣಗಿದ ಅನ್ನದ ಅಗುಳು ಸಿಕ್ಕಿತ್ತು. ಅದು ಅಲ್ಲಿಗೆ ಹೇಗೆ ಹೋಯಿತು ಎಂದು ಯೋಚಿಸಿ ಯೋಚಿಸಿ ಅಕ್ಕ ಅವತ್ತು ಮಧ್ಯಾಹ್ನ ಡಬ್ಬಿ ತೆರೆಯಲಿಲ್ಲ.

ಅಂಗಡಿಯಲ್ಲಿ ಅವಳನ್ನು ಮೂಗಮ್ಮ ಎನ್ನುತ್ತಿದ್ದರು. ಅವಳ ಎದುರಿಗೆ ಅನ್ನುವ ಧೈರ್ಯ ಯಜಮಾನರಿಗೆ ಮಾತ್ರ. ಹೇಸಿಗೆ ಅವಳ ಕಸುಬಿನ ಅರ್ಧ ಬಂಡವಾಳ ಎಂದು ಅವರು ತಮಾಷೆ ಮಾಡುತ್ತಿದ್ದರು. ಹೇಸಿಗೆಪಡದವರ ಕಣ್ಣಿಗೆ ಬೀಳದ್ದು ಇವಳ ಕಣ್ಣಿಗೆ ಬೀಳುತ್ತಿತ್ತು. ಮನೆಗೆ ಬಂದರೆ ಮೊಣಕೈವರೆಗೆ ಸೋಪು ಹಚ್ಚಿ ತೊಳೆದ ಮೇಲೆಯೇ ಮಾತು. ತಂಗಿ ಅದನ್ನು ನೋಡಿ, "ಆಪರೇಷನ್ ಮುಗೀತಾ ಡಾಕ್ಟ್ರೇ?" ಎಂದು ಕೇಳುವುದು ದಿನದ ರೂಢಿ.

ಆ ತಂಗಿಗೆ ನಿಜವಾದ ಡಾಕ್ಟರರೊಬ್ಬರ ಜೊತೆ ಮದುವೆ ನಿಶ್ಚಯವಾಯಿತು. ಹಲ್ಲಿನ ಡಾಕ್ಟರು. ತಂಗಿ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಅಡ್ಡಡ್ಡ ಬೆಳೆದ ಬುದ್ಧಿಹಲ್ಲಿನ ನೋವು ತಡೆಯಲಾರದೆ ಅದೇ ಬೀದಿಯ ಅವರ ಕ್ಲಿನಿಕ್ಕಿಗೆ ಹೋಗಿದ್ದಳು. ಹಲ್ಲು ಕೀಳಿಸಿಕೊಂಡು ಊದಿದ ಕೆನ್ನೆಯಲ್ಲಿ ಬಂದವಳು, ಊತ ಇಳಿದ ಮೇಲೂ ಯಾವುದೋ ನೆಪ ಮಾಡಿಕೊಂಡು ಅಲ್ಲಿಗೆ ಹೋಗತೊಡಗಿದಳು. ಅಪ್ಪ ಇಲ್ಲದ ಮನೆ. ಅಮ್ಮನಿಗೆ ಹುಡುಗ ಬಲು ಹಿಡಿಸಿದ. ಮೆಲು ಮಾತು, ಮೃದು ಕೈ, ಮಡಿಕೆ ಮುರಿಯದ ಅಂಗಿ. ಸಾಲದ್ದಕ್ಕೆ ಅಮ್ಮನ ಅಳಿದುಳಿದ ಹುಳುಕು ಹಲ್ಲುಗಳನ್ನು ನೋವಾಗದ ಹಾಗೆ ತೆಗೆದು, ತಾವೇ ಕೂತು ಹೊಸ ಸೆಟ್ಟು ಮಾಡಿ ಕೊಟ್ಟಿದ್ದರು. ಅಮ್ಮ ಅದನ್ನು ಹಾಕಿಕೊಂಡು ನೆಂಟರ ಮನೆಗಳಿಗೆಲ್ಲ ಹೋಗಿ ಸುಮ್ಮಸುಮ್ಮನೆ ನಕ್ಕು ಬಂದಿದ್ದಳು.

ಡಾಕ್ಟರಿಗೂ ಗೊಂಬೆಗಳ ಹುಚ್ಚು ಇತ್ತು. ಭಾವೀ ಹೆಂಡತಿಯ ಅಕ್ಕ ಇದೇ ಕಸುಬಿನವಳೆಂದು ಗೊತ್ತಾದ ದಿನದಿಂದ, ಒಮ್ಮೆ ಬಂದು ನನ್ನ ಸಂಗ್ರಹ ನೋಡಬೇಕು ಎಂದು ದುಂಬಾಲು ಬಿದ್ದಿದ್ದರು. ಅದರಲ್ಲೂ ಒಂದು ಗೊಂಬೆ ನಿಶ್ಚಿತಾರ್ಥಕ್ಕೆಂದು ತಂಗಿಗೆ ಕೊಡಲಿರುವುದು, ಅದನ್ನು ನೋಡಿ ದರ್ಜೆ ಹೇಳಬೇಕು, ತಂಗಿಗೆ ಮಾತ್ರ ಸುಳಿವು ಕೊಡಬಾರದು. ರಜೆಯ ದಿನವೂ ಗೊಂಬೆಯೇ ಎಂದು ಅಕ್ಕ ಒಳಗೊಳಗೇ ಗೊಣಗಿದಳು. ಆದರೆ ನೆಂಟಸ್ತನದ ಮಾತು, ಇಲ್ಲ ಎನ್ನುವುದು ಹೇಗೆ? ಒಂದು ಭಾನುವಾರ ಬೆಳಿಗ್ಗೆ ತನ್ನ ಭೂತಗನ್ನಡಿ, ಹತ್ತಿ ಕಡ್ಡಿ, ನೇರಳೆ ಬೆಳಕಿನ ಪುಟ್ಟ ಟಾರ್ಚು ಚೀಲದಲ್ಲಿಟ್ಟುಕೊಂಡು ಹೋದಳು.

ಕೆಳಗೆ ಕ್ಲಿನಿಕ್ಕು, ಮೇಲೆ ಅವರ ಮನೆ. ಗೊಂಬೆಗಳ ಕೋಣೆಯ ಬಾಗಿಲು ತೆರೆದಾಗ ಅಕ್ಕ ಅಭ್ಯಾಸಬಲದಿಂದ ಉಸಿರು ಎಳೆದುಕೊಂಡಳು. ಏನೂ ಇಲ್ಲ. ಹೊಗೆ ಇಲ್ಲ, ಬೂಷ್ಟು ಇಲ್ಲ. ತುಂಬ ಹುಡುಕಿದರೆ ಲವಂಗದೆಣ್ಣೆಯದೊಂದು ಎಳೆ, ಅದು ಹಲ್ಲಿನ ಡಾಕ್ಟರ ಮನೆಯಲ್ಲಿ ಸಹಜವೇ. ಗೋಡೆಯುದ್ದಕ್ಕೂ ಗಾಜಿನ ಕಪಾಟು, ಒಳಗೆ ಸಾಲುಸಾಲು ಗೊಂಬೆಗಳು, ಒಂದರ ಭುಜದ ಮೇಲೂ ಧೂಳಿಲ್ಲ. ಡಾಕ್ಟರು ಅವಳಿಗೆ ಹೊಸ ಗ್ಲೌಸ್ ಕೊಟ್ಟರು, ತಾವೂ ಹಾಕಿಕೊಂಡರು. ಇಷ್ಟು ವರ್ಷಗಳಲ್ಲಿ ಶುಚಿಯಾದ ಒಬ್ಬ ಗಂಡಸನ್ನು ಕಂಡೆನಲ್ಲ ಎಂದು ಅಕ್ಕನಿಗೆ ಅನ್ನಿಸಿತು. ತಂಗಿಯ ಅದೃಷ್ಟದ ಬಗ್ಗೆ ಸಣ್ಣದೊಂದು ಹೊಟ್ಟೆಕಿಚ್ಚೂ ಸುಳಿದು ಹೋಯಿತು.

ಅವರು ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಗೊಂಬೆಯನ್ನು ತಂದಿಟ್ಟರು. ಕತ್ತಿ ಹಿಡಿದ ಯೋಧೆ, ಉದ್ದನೆಯ ನೀಲಿ ಕೂದಲು, ಗಾಳಿಗೆ ಹಾರುವ ಕೆಂಪು ನಿಲುವಂಗಿ. ಅಕ್ಕ ಕುರ್ಚಿ ಎಳೆದುಕೊಂಡು ಕೂತಳು. ಮೊದಲು ಕಣ್ಣು. ಅಗ್ಗದ ಗೊಂಬೆಯಲ್ಲಿ ಕಣ್ಣಿನ ಅಚ್ಚು ಒಂದು ಕೂದಲೆಳೆ ಸರಿದಿದ್ದರೂ ಮುಖ ಪೆದ್ದಾಗಿ ಕಾಣುತ್ತದೆ. ಇಲ್ಲಿ ಎರಡೂ ಕಣ್ಣು ಒಂದೇ ಕಡೆ ನೋಡುತ್ತಿದ್ದವು. ಕೂದಲಿನ ಬಣ್ಣ ಹಣೆಗೆ ಹರಿದಿರಲಿಲ್ಲ. ತೊಡೆಯ ಪಕ್ಕದ ಅಚ್ಚಿನ ಗೆರೆಯನ್ನು ಯಾರೋ ಉಜ್ಜಿ ಉಜ್ಜಿ ಮಾಯ ಮಾಡಿದ್ದರು. ಮೊಣಕಾಲು ಮಡಚಿದರೆ ಸಡಿಲವೂ ಇಲ್ಲ, ಬಿಗಿಯೂ ಇಲ್ಲ. ಅವಳು ಒಂದೊಂದನ್ನೇ ಹೇಳುತ್ತ ಹೋದ ಹಾಗೆ ಡಾಕ್ಟರು ಪರೀಕ್ಷೆಯ ಫಲಿತಾಂಶ ಕೇಳುವವರ ಹಾಗೆ ಕೈಕಟ್ಟಿ ನಿಂತಿದ್ದರು.

ಕತ್ತಿಯ ಹಿಡಿಯ ಹತ್ತಿರ ಬಂದಾಗ ಅಕ್ಕ ಮಾತು ನಿಲ್ಲಿಸಿದಳು. ಅಲಗು ಕಾರ್ಖಾನೆಯದೇ. ಹಿಡಿ ಅಲ್ಲ. ದಂತದ ಬಣ್ಣ, ತುದಿಯಲ್ಲಿ ಚೂರು ಪಾರದರ್ಶಕ, ಬುಡಕ್ಕೆ ಬಂದ ಹಾಗೆ ಕೆನೆಗಟ್ಟಿದ ಹಳದಿ. ಭೂತಗನ್ನಡಿಯಲ್ಲಿ ನೋಡಿದರೆ ಉದ್ದಕ್ಕೆ ಕೂದಲಿನಷ್ಟು ಸಣ್ಣ ಬಿರುಕುಗಳು. ಬಣ್ಣ ಹಚ್ಚಿ ಇಂಥದ್ದು ತರುವುದು ಯಾರಿಂದಲೂ ಆಗದು. ಗೊಂಬೆಯ ಅಂಗೈಗೆ ಅದು ಒಂಚೂರು ಬಾಗಿ ಕೂತಿತ್ತು, ಅಚ್ಚುಕಟ್ಟಾಗಿ.

"ಇದು ಕಂಪನಿಯದಲ್ಲ. ನೀವು ಮಾಡಿದ್ದಾ?"

"ಹೌದಕ್ಕ. ಯಾವುದರಲ್ಲಿ ಮಾಡಿದ್ದು ಹೇಳಿ ನೋಡೋಣ."

ಅಕ್ಕನಿಗೆ ಹಟ ಹುಟ್ಟಿತು. ಎಲುಬೇ, ಕಪ್ಪೆಚಿಪ್ಪೇ, ಯಾವುದಾದರೂ ರಾಳವೇ? ಮುತ್ತಿನ ವ್ಯಾಪಾರಿಗಳು ಮುತ್ತನ್ನು ತಮ್ಮ ಹಲ್ಲಿಗೆ ತಾಗಿಸಿ ಅಸಲು ನಕಲಿ ಹೇಳುವುದನ್ನು ಅವಳು ಕಂಡಿದ್ದಳು. ಅಂಗಡಿಯ ಗೊಂಬೆಗಳನ್ನು ಅವಳು ಬಾಯಿಯ ಹತ್ತಿರ ತಂದವಳೇ ಅಲ್ಲ. ಆದರೆ ಇಲ್ಲಿಯ ಬಿಳಿ ಬಟ್ಟೆ, ಗ್ಲೌಸು, ಈ ಶುಚಿ ನೋಡಿ ಮೈಮರೆತಳೋ ಏನೋ, ಹಿಡಿಯನ್ನು ತುಟಿಯ ಹತ್ತಿರ ತಂದು ಮುಂದಿನ ಹಲ್ಲಿಗೆ ಮೆಲ್ಲನೆ ತಾಗಿಸಿದಳು. ಟಕ್ ಎಂದು ಒಂದು ಪುಟ್ಟ ಸದ್ದು. ಆ ಸದ್ದು ಎಲ್ಲೋ ಗುರುತಿನದು ಅನ್ನಿಸಿತು, ಎಲ್ಲಿಯದೆಂದು ಹೊಳೆಯಲಿಲ್ಲ. ಡಾಕ್ಟರು ನೋಡುತ್ತ ನಿಂತಿದ್ದರು. ಮುಗುಳ್ನಗುತ್ತಿದ್ದರು. ಬೇಡ ಎನ್ನಲಿಲ್ಲ.

ಕೊನೆಗೆ ಅವಳು ಪರದೆ ಎಳೆಯಲು ಹೇಳಿದಳು. ಕೋಣೆ ಕತ್ತಲಾಯಿತು. ನೇರಳೆ ಬೆಳಕಿನ ಟಾರ್ಚು ಹಚ್ಚಿದರೆ ಆಮೇಲೆ ಹಚ್ಚಿದ ಬಣ್ಣ, ಅಂಟು, ತೇಪೆ ಎಲ್ಲ ತಾನಾಗಿ ಬಯಲಿಗೆ ಬರುತ್ತವೆ. ಗೊಂಬೆಯ ಮೈ ಮಂಕಾಗಿ ಉಳಿಯಿತು. ಹಿಡಿಯ ಬುಡದಲ್ಲಿ ಅಂಟಿನದೊಂದು ಹಳದಿ ಚುಕ್ಕೆ ಕಂಡಿತು. ಹಿಡಿ ಮಾತ್ರ ಬೆಳಗಿತು, ತಣ್ಣನೆಯ ನೀಲಿ ಬಿಳುಪಿನಲ್ಲಿ.

ಈ ಬೆಳಕನ್ನು ಅವಳು ಕಂಡಿದ್ದಳು. ಟಾರ್ಚು ಹೊಸದಾಗಿ ಕೊಂಡ ದಿನ ಅಕ್ಕತಂಗಿಯರಿಬ್ಬರೂ ಬಚ್ಚಲುಮನೆಯ ದೀಪ ಆರಿಸಿ ಕನ್ನಡಿಯ ಮುಂದೆ ನಿಂತು, ಮುಖದ ಮೇಲೆ ಬೆಳಕು ಬಿಟ್ಟುಕೊಂಡು ಹಲ್ಲು ಕಿರಿದಿದ್ದರು. ಇಬ್ಬರ ಬಾಯಲ್ಲೂ ಇದೇ ನೀಲಿ ಬಿಳುಪು. ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಅಕ್ಕ ಟಾರ್ಚನ್ನು ಕಪಾಟಿನ ಕಡೆ ತಿರುಗಿಸಿದಳು. ಗಾಜಿನ ಹಿಂದೆ, ಕತ್ತಲಲ್ಲಿ, ಅಲ್ಲೊಂದು ಇಲ್ಲೊಂದು ಚುಕ್ಕೆ ಹೊಳೆಯಿತು. ಒಬ್ಬನ ನಡುಪಟ್ಟಿಯಲ್ಲಿ, ಒಬ್ಬಳ ಕಿರೀಟದಲ್ಲಿ, ಗುರಾಣಿಯ ನಡುವೆ, ಬೂಟಿನ ತುದಿಯಲ್ಲಿ. ಕೆಲವು ಬೆಳ್ಳಗೆ, ಕೆಲವು ಹುಳುಕು ಬಿದ್ದು ಕರೆಗಟ್ಟಿ. ಮೇಲಿನ ಸಾಲು, ಕೆಳಗಿನ ಸಾಲು, ಮೂಲೆಯವರೆಗೂ.

"ಹಲ್ಲು," ಎಂದಳು ಅಕ್ಕ.

"ಕಂಡುಹಿಡಿದೇ ಬಿಟ್ರಿ." ಡಾಕ್ಟರ ದನಿಯಲ್ಲಿ ನಿಜವಾದ ಸಂತೋಷವಿತ್ತು. "ಇಷ್ಟು ದಿನ ಯಾರಿಗೂ ಗೊತ್ತಾಗಿರಲಿಲ್ಲ ಅಕ್ಕ. ಇದು ನಿಮ್ಮ ತಂಗಿಯದೇ, ಬುದ್ಧಿಹಲ್ಲು. ಬೇರು ಬಾಗಿತ್ತಲ್ಲ, ಅದಕ್ಕೇ ಕೀಳೋಕೆ ಕಷ್ಟ ಆಗಿದ್ದು. ನೋಡಿ, ಆ ಬಾಗು ಹಿಡಿಗೆ ಹೇಳಿ ಮಾಡಿಸಿದ ಹಾಗಿದೆ."

ಆಮೇಲೆ ಅವರು ಪರದೆ ಸರಿಸಿ, ಕಪಾಟು ತೆರೆದು, ಒಂದೊಂದು ಗೊಂಬೆಯನ್ನೂ ಪರಿಚಯ ಮಾಡಿಕೊಟ್ಟರು. ಕಿರೀಟದ್ದು ಒಬ್ಬ ಟೀಚರಮ್ಮನ ಕೋರೆಹಲ್ಲು, ನಡುಪಟ್ಟಿಯದು ಬಸ್ ಡ್ರೈವರೊಬ್ಬನದು, ಬೂಟಿನದು ಯಾವುದೋ ಮಗುವಿನ ಹಾಲುಹಲ್ಲು. ಅವರು ರೋಗಿಗಳ ಹೆಸರು ಹೇಳಲಿಲ್ಲ. ಅವರಿಗೆ ಹೆಸರು ನೆನಪಿರಲೂ ಇಲ್ಲ, ಯಾವ ಹಲ್ಲು, ಯಾವ ದವಡೆ, ಬೇರು ಎಷ್ಟು ಎಂಬುದು ಮಾತ್ರ ನೆನಪಿತ್ತು. ರೋಗಿಗಳನ್ನು ಕೇಳಿದ್ದೀರಾ ಎಂದು ಅಕ್ಕ ಕೇಳಿದ್ದಕ್ಕೆ ಡಾಕ್ಟರಿಗೆ ಆಶ್ಚರ್ಯವಾಯಿತು. ಕಿತ್ತ ಹಲ್ಲು ಕಸಕ್ಕೆ ತಾನೇ ಹೋಗುವುದು, ಅದಕ್ಕೊಂದು ಬಾಳು ಕೊಟ್ಟರೆ ಯಾರಿಗೆ ನಷ್ಟ ಎಂದರು. ಕೆಳಗಿನ ಸಾಲಿನಿಂದ ದಪ್ಪ ಹೊಟ್ಟೆಯ ಹಸಿರು ರಾಕ್ಷಸನೊಬ್ಬನನ್ನು ತೆಗೆದು ಅಂಗೈಮೇಲೆ ನಿಲ್ಲಿಸಿದರು. ಅವನ ಕೈಯಲ್ಲಿ ಮೊಂಡು ಗದೆ, ಕಂದು ಬಣ್ಣದ್ದು, ನಡುವೆ ಒಂದು ಕಪ್ಪು ಗುಳಿ.

"ಇದು ನಿಮ್ಮ ಅಮ್ಮನ ದವಡೆ ಹಲ್ಲು," ಎಂದರು ಪ್ರೀತಿಯಿಂದ. "ಟೀ ಕುಡಿದು ಕುಡಿದು ಎಂಥ ಬಣ್ಣ ಬಂದಿದೆ ನೋಡಿ. ಬಣ್ಣ ಹಚ್ಚೋ ಕೆಲಸವೇ ಇರಲಿಲ್ಲ."

ಅಕ್ಕನ ನಾಲಿಗೆ ತನಗೆ ತಾನೇ ಮುಂದಿನ ಹಲ್ಲಿನ ಹತ್ತಿರ ಹೋಯಿತು, ಹೋದದ್ದೇ ಬೆಂಕಿ ತಾಗಿದ ಹಾಗೆ ಹಿಂದಕ್ಕೆ ಬಂತು. ಈ ಮನುಷ್ಯ ನೋಡುತ್ತ ನಿಂತಿದ್ದನಲ್ಲ, ನಗುತ್ತ ನಿಂತಿದ್ದನಲ್ಲ ಎಂಬುದೇ ತಲೆ ತುಂಬಿಕೊಂಡಿತು. ಅವಳು ಗ್ಲೌಸ್ ಕಿತ್ತು ಬಿಳಿ ಬಟ್ಟೆಯ ಮೇಲೆ ಹಾಕಿ, ಚೀಲ ಎತ್ತಿಕೊಂಡಳು.

"ಅಕ್ಕ, ದರ್ಜೆ ಹೇಳಲೇ ಇಲ್ಲ," ಎಂದು ಮೆಟ್ಟಿಲವರೆಗೂ ಹಿಂದೆ ಬಂದರು. ಇನ್ನೊಮ್ಮೆ ಹೇಳುತ್ತೇನೆ ಎಂದು ಅವಳು ಇಳಿದುಬಿಟ್ಟಳು.

ಮನೆಗೆ ಬಂದು ಬಾಯಿ ತೊಳೆದಳು. ಬ್ರಷ್ ಹಾಕಿ ಉಜ್ಜಿದಳು, ಉಪ್ಪುನೀರು ಮುಕ್ಕಳಿಸಿದಳು, ಮತ್ತೆ ಉಜ್ಜಿದಳು. ಒಸಡಿನಲ್ಲಿ ರಕ್ತ ಬಂದು ಉಗುಳು ಕೆಂಪಾಯಿತು. ತಂಗಿ ಬಚ್ಚಲ ಬಾಗಿಲಿಗೆ ಒರಗಿ, ಇವತ್ತು ಆಪರೇಷನ್ ಜೋರಾಗಿದೆಯಲ್ಲ ಎಂದು ನಗಲು ಹೊರಟವಳು, ಅಕ್ಕನ ಮುಖ ನೋಡಿ ಅಮ್ಮನನ್ನು ಕೂಗಿದಳು. ಅಡುಗೆಮನೆಯಿಂದ ಅಮ್ಮನೂ ಬಂದಳು. ಅಕ್ಕ ಸುತ್ತಿ ಬಳಸಲಿಲ್ಲ, ಕಂಡದ್ದನ್ನು ಕಂಡ ಹಾಗೆ ಹೇಳಿದಳು. ರಾಕ್ಷಸನ ವಿಷಯ ಒಂದನ್ನು ಮಾತ್ರ ನುಂಗಿಕೊಂಡಳು.

ಅಮ್ಮ ಮೊದಲು ಮುಖ ಸಿಂಡರಿಸಿದಳು, ಆಮೇಲೆ ಸಮಾಧಾನಕ್ಕೆ ನಿಂತಳು. ಡಾಕ್ಟರಾದವರಿಗೆ ನಮ್ಮ ಹಾಗೆ ಹೇಸಿಗೆ ಇರುವುದಿಲ್ಲ, ದಿನಾ ಹೊಲಸು ಬಾಯೊಳಗೆ ಕೈ ಹಾಕುವವರು. ಇವಳ ಮೇಲಿನ ಪ್ರೀತಿಗೇ ತಾನೆ ಮಾಡಿದ್ದು? ಕೆಲವರು ಕೈಮೇಲೆ ಹೆಸರು ಕೊರೆಸಿಕೊಳ್ಳುತ್ತಾರೆ, ಇವರು ಹಲ್ಲು ಇಟ್ಟುಕೊಂಡಿದ್ದಾರೆ. ಕುಡಿತ ಇಲ್ಲ, ಜೂಜಿಲ್ಲ, ಇಂಥದ್ದೊಂದು ಸಣ್ಣ ಖಯಾಲಿಗೆ ಸಂಬಂಧ ಕೆಡಿಸಿಕೊಂಡರೆ ನಾಳೆ ನೆಂಟರು ಮುಖಕ್ಕೆ ಉಗಿಯುತ್ತಾರೆ. ಮೂಸಿ ಮೂಸಿ ನಿನಗೆ ಎಲ್ಲದರಲ್ಲೂ ಕೊಳಕೇ ಕಾಣುತ್ತದೆ ಎಂದು ಅಕ್ಕನಿಗೇ ಒಂದು ಮಾತು ಬಿಟ್ಟಳು.

ತಂಗಿ ತಲೆ ಎತ್ತಿದಳು.

"ನಾನು ಅವತ್ತೇ ಕೇಳಿದ್ದೆ ಅಕ್ಕ. ಅಷ್ಟು ಕಾಟ ಕೊಟ್ಟಿದ್ದಲ್ಲ, ಹೇಗಿತ್ತು ತೋರಿಸಿ ಅಂತ. ಒಡೆದು ಚೂರಾಯ್ತು, ಬಿಸಾಕಿದೆ ಅಂದ್ರು. ಕೈ ತೊಳ್ಕೊಳ್ತಾ ಅಂದ್ರು, ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ."

"ಅಷ್ಟಕ್ಕೇ ಅದನ್ನ ಸುಳ್ಳು ಅಂತಾರಾ?" ಎಂದಳು ಅಮ್ಮ.

"ಅವಾಗ ನಾನು ಯಾರೋ, ಅವರು ಯಾರೋ. ಪ್ರೀತಿ ಎಲ್ಲಿತ್ತಮ್ಮ ಅವಾಗ?"

ಅಮ್ಮ ಪಟ್ಟು ಬಿಡದೆ, ಅವರ ಕೈಗುಣ ಎಂಥದ್ದು, ತನ್ನ ಹಲ್ಲು ಕಿತ್ತಾಗ ಒಂದು ಹನಿ ಕಣ್ಣೀರು ಬರಲಿಲ್ಲ ಎಂದು ಶುರು ಮಾಡಿದಳು. ಆಗ ಅಕ್ಕ ನುಂಗಿಕೊಂಡದ್ದನ್ನು ಹೊರಗೆ ಹಾಕಿದಳು. ಹಸಿರು ರಾಕ್ಷಸ, ಡೊಳ್ಳುಹೊಟ್ಟೆ, ಕೈಯಲ್ಲಿ ಕಂದು ಗದೆ, ನಡುವೆ ಹುಳುಕಿನ ಗುಳಿ.

ಅಮ್ಮನ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು. "ರಾಕ್ಷಸನ ಕೈಗಾ?" ಎಂದಳು.

"ಗದೆಗೆ. ಟೀ ಬಣ್ಣ ಚೆನ್ನಾಗಿ ಬಂದಿದೆ ಅಂದ್ರು."

ಅಮ್ಮ ನಿಧಾನವಾಗಿ ಮೇಲಿನ ಸೆಟ್ಟು, ಕೆಳಗಿನ ಸೆಟ್ಟು ಎರಡನ್ನೂ ಬಾಯಿಂದ ತೆಗೆದು ಊಟದ ಮೇಜಿನ ಮೇಲೆ ಇಟ್ಟಳು. ಕೆನ್ನೆಗಳು ಒಳಕ್ಕೆ ಹೋಗಿ ಅವಳು ಒಮ್ಮೆಗೇ ಮುದುಕಿಯಾದಳು. ಬೊಚ್ಚುಬಾಯಲ್ಲಿ, ಮಾತು ಸರಿಯಾಗಿ ಹೊರಡದೆ ಹೇಳಿದಳು: "ಅವನ ಮನೆ ಹಾಳಾಗ." ಅಲ್ಲಿಯವರೆಗೆ ಡಾಕ್ಟರು, ಅವರು, ಇವರು ಎನ್ನುತ್ತಿದ್ದವಳ ಬಾಯಲ್ಲಿ ಆ ಹೊತ್ತಿನಿಂದ ಅವನು ಅವನೇ ಆದ.

ಮರುದಿನ ತಂಗಿ ಕ್ಲಿನಿಕ್ಕಿಗೆ ಹೊರಟಳು, ಅಕ್ಕನನ್ನೂ ಕರೆದುಕೊಂಡು. ಜಗಳಕ್ಕಲ್ಲ, ನನ್ನ ಹಲ್ಲು ನನಗೆ ಬೇಕು ಅಷ್ಟೇ ಎಂದು ದಾರಿಯಲ್ಲಿ ಎರಡೆರಡು ಸಲ ಹೇಳಿದಳು. ಹೊರಗಿನ ಬೆಂಚಿನ ಮೇಲೆ ಕೆನ್ನೆ ಹಿಡಿದುಕೊಂಡ ಕೆಲವರು ಕಾಯುತ್ತಿದ್ದರು. ಡಾಕ್ಟರು ಇವರನ್ನು ಕಂಡದ್ದೇ ಒಳಗೆ ಕರೆದರು. ತಂಗಿಯ ಮುಖದಲ್ಲೇ ವಿಷಯ ಓದಿಕೊಂಡಿರಬೇಕು, ಅಕ್ಕನ ಕಡೆ ತಿರುಗಿ, ಮೊದಲೇ ಹೇಳಿಬಿಟ್ಟಿರಾ, ಅಚ್ಚರಿ ಮಾಡಬೇಕೆಂದಿದ್ದೆ ಎಂದು ಬೇಸರಪಟ್ಟರು. ತಂಗಿ ತನಗೆ ಬೇಕಾದ್ದನ್ನು ಹೇಳಿದಳು. ಅವರು ಮೇಲಿನಿಂದ ಗೊಂಬೆಯನ್ನೇ ತಂದು ಅವಳ ಮುಂದೆ ಚಾಚಿದರು. ಇಡೀ ಗೊಂಬೆ ನಿನ್ನದೇ, ಹಲ್ಲನ್ನು ಬೇರೆ ಮಾಡಿದರೆ ಕೆಲಸ ಹಾಳಾಗುತ್ತದೆ ಎಂದರು. ಅವಳು ಗೊಂಬೆಯನ್ನು ಮುಟ್ಟಲಿಲ್ಲ, ಹಲ್ಲು ಸಾಕು ಎಂದಳು.

ಅವನು ದೀಪ ಹತ್ತಿರಕ್ಕೆ ಎಳೆದು, ಸಣ್ಣ ಇಕ್ಕಳ ತೆಗೆದುಕೊಂಡು ಕೂತ. ಅಂಟಿಗೆ ಯಾವುದೋ ದ್ರವ ಬಿಟ್ಟ, ಊದಿದ, ಮತ್ತೆ ಬಿಟ್ಟ. ಗೊಂಬೆಯ ಬೆರಳುಗಳಿಗೆ ಪೆಟ್ಟಾಗದ ಹಾಗೆ ನಡುವೆ ಹತ್ತಿಯ ಎಳೆ ತುರುಕಿದ. ಹಣೆಯಲ್ಲಿ ಬೆವರು ಮೂಡಿತು. ಒಂದೊಂದು ಬೆರಳನ್ನೂ ಅವನು ಬಿಡಿಸುತ್ತಿದ್ದ ರೀತಿ ನೋಡಿದರೆ, ಮಲಗಿದ ಮಗುವಿನ ಮುಷ್ಟಿಯನ್ನು ಬಿಡಿಸುತ್ತಿದ್ದಾನೆ ಅನ್ನಬೇಕು. ರೋಗಿಗಳ ಕುರ್ಚಿಯ ಪಕ್ಕದಲ್ಲಿ ನಿಂತು ತಂಗಿ ಎಲ್ಲವನ್ನೂ ನೋಡಿದಳು.

"ನನ್ನ ಬಾಯಿಂದ ಕೀಳೋವಾಗ ಇಷ್ಟು ನಿಧಾನ ಮಾಡಿರಲಿಲ್ಲ," ಎಂದಳು.

ಅವನಿಗೆ ಅದು ನಾಟಿದಂತೆ ಕಾಣಲಿಲ್ಲ. ಹಲ್ಲು ಕಳಚಿ ಬಂತು. ಕೆತ್ತಿ, ಉಜ್ಜಿ, ಮಿರುಗು ಕೊಟ್ಟ ಹಲ್ಲು. ಗೊಂಬೆಯ ಖಾಲಿ ಮುಷ್ಟಿಯನ್ನು ನೋಡಿ ಅವನು ನಿಟ್ಟುಸಿರು ಬಿಟ್ಟ. ಮತ್ತೆ ಅಕ್ಕನ ಕಡೆ ತಿರುಗಿದ.

"ನೀವು ಕೆಲಸ ಗೊತ್ತಿರೋರು ಅಕ್ಕ. ನೀವೇ ಹೇಳಿ ಇವಳಿಗೆ. ಕೆಲಸದಲ್ಲಿ ಏನಾದ್ರೂ ತಪ್ಪಿತ್ತಾ?"

ಅಕ್ಕನಿಗೆ ಸುಳ್ಳು ಹೇಳಬೇಕೆನ್ನಿಸಿತು. ಕೆಟ್ಟ ಕೆಲಸ, ಕಳಪೆ ಕೆಲಸ ಎಂದು ಮುಖದ ಮೇಲೆ ಹೇಳಿದರೆ ಅದಕ್ಕಿಂತ ದೊಡ್ಡ ಪೆಟ್ಟು ಅವನಿಗಿಲ್ಲ ಎಂದು ಗೊತ್ತಿತ್ತು. ಆದರೆ ಕಸುಬಿನ ವಿಷಯದಲ್ಲಿ ಅವಳ ನಾಲಿಗೆ ಹಾಗೆ ಹೊರಳುತ್ತಿರಲಿಲ್ಲ.

"ತಪ್ಪಿರಲಿಲ್ಲ. ಒಂದು ಕೂದಲಿನಷ್ಟೂ ಇರಲಿಲ್ಲ. ಇಂಥ ಕೈ ನಾನು ನೋಡಿಲ್ಲ," ಎಂದಳು. ಅವನ ಮುಖ ಅರಳಿತು. ಅಕ್ಕ ಮುಂದುವರಿಸಿದಳು: "ನೋಡಿಲ್ಲ, ನೋಡೋದೂ ಬೇಡ. ಅದನ್ನ ನನ್ನ ಹಲ್ಲಿಗೆ ತಾಗಿಸಿಕೊಂಡಾಗ ನೀವು ನಗ್ತಾ ನಿಂತಿದ್ರಿ."

"ಹೇಳಿದ್ರೆ ನಿಮ್ಮ ಪರೀಕ್ಷೆ ಕೆಡ್ತಿತ್ತಲ್ಲ," ಎಂದ ಅವನು. ಅದರಲ್ಲಿ ಕೊಂಕಿರಲಿಲ್ಲ, ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ಅರ್ಥವಾಗದ ಆ ಮುಖವನ್ನು ನೋಡಿದಾಗ ಅಕ್ಕನಿಗೆ ಕಪಾಟು ಕಂಡಾಗಿನದಕ್ಕಿಂತ ಹೆಚ್ಚಿನ ವಾಕರಿಕೆ ಬಂತು.

ತಂಗಿ ಹಲ್ಲನ್ನು ಹತ್ತಿಯಲ್ಲಿ ಸುತ್ತಿಕೊಂಡಳು. ಹೊರಗೆ ಬಂದವಳು ಬೆಂಚಿನ ಮುಂದೆ ನಿಂತಳು. ಕಾಯುತ್ತಿದ್ದವರೆಲ್ಲ ಮುಖ ಎತ್ತಿ ನೋಡಿದರು.

"ಹಲ್ಲು ಕೀಳಿಸ್ಕೊಂಡ ಮೇಲೆ ಕೇಳಿ ಇಸ್ಕೊಳ್ಳಿ," ಎಂದಳು, ಏರುದನಿಯಲ್ಲೇನೂ ಅಲ್ಲ. "ಒಡೆದು ಹೋಯ್ತು ಅಂದ್ರೆ ನಂಬಬೇಡಿ. ಮೇಲೆ ಕಪಾಟಲ್ಲಿ ಗೊಂಬೆಗಳಿಗೆ ಹಾಕಿಟ್ಟಿದ್ದಾರೆ, ಬೇಕಾದ್ರೆ ಹೋಗಿ ನೋಡಿ."

ಹೆಚ್ಚಿನವರಿಗೆ ತಲೆಬುಡ ತಿಳಿಯಲಿಲ್ಲ. ತುದಿಯಲ್ಲಿ ಕೂತಿದ್ದ ಒಬ್ಬ ಹೆಂಗಸು ಮಾತ್ರ ಕೆನ್ನೆಯ ಮೇಲಿನ ಕೈ ತೆಗೆಯದೆ ಎದ್ದು, ಮಗುವಿನ ರಟ್ಟೆ ಹಿಡಿದುಕೊಂಡು ಇವರ ಹಿಂದೆಯೇ ಹೊರಗೆ ಬಂದಳು.

ಬೀದಿಗೆ ಬಂದ ಮೇಲೆ ಆ ಹಲ್ಲನ್ನು ಏನು ಮಾಡುವುದೆಂದು ಇಬ್ಬರಿಗೂ ತೋಚಲಿಲ್ಲ. ಮನೆಗೆ ಒಯ್ಯಲು ಮನಸ್ಸಿಲ್ಲ. ಎಸೆಯೋಣವೆಂದರೆ ತನ್ನ ಮೈಯದೇ ಒಂದು ತುಂಡು. ತಂಗಿ ಹತ್ತಿ ಬಿಡಿಸಿ ನೋಡಿದಳು. ಇದು ನನ್ನದು ಅನ್ನಿಸುವುದೇ ಇಲ್ಲ ಅಕ್ಕ, ಅವನು ಕೆತ್ತಿದ ಮೇಲೆ ಇದರಲ್ಲಿ ನಂದು ಅನ್ನೋದು ಏನೂ ಉಳಿದಿಲ್ಲ ಎಂದಳು. ಬಸ್ಸಿನ ತಂಗುದಾಣದ ಪಕ್ಕ ತುಂಬಿ ಚೆಲ್ಲುತ್ತಿದ್ದ ಕಸದ ತೊಟ್ಟಿ ಇತ್ತು. ಕೊಳೆತ ಹಣ್ಣಿನ ಸಿಪ್ಪೆ, ಉಗುಳು, ನೊಣ. ತಂಗಿ ಮೂಗು ಮುಚ್ಚಿಕೊಂಡು ಹತ್ತಿಯ ಸಮೇತ ಅದರೊಳಗೆ ಹಾಕಿದಳು. ಎರಡು ಹೆಜ್ಜೆ ಇಟ್ಟವಳು ಗೋಡೆ ಹಿಡಿದುಕೊಂಡು ಬಗ್ಗಿ, ಬೆಳಗಿನ ತಿಂಡಿಯನ್ನೆಲ್ಲ ಕಾರಿಕೊಂಡಳು. ಅಕ್ಕ ಅವಳ ಹಣೆ ಹಿಡಿದು ನಿಂತಳು. ಮುಗಿದ ಮೇಲೆ ತನ್ನ ಬರಿಗೈಯಿಂದಲೇ ಅವಳ ಬಾಯಿ ಒರೆಸಿ, ಕೂದಲನ್ನು ಹಿಂದಕ್ಕೆ ಸರಿಸಿದಳು.

ಮನೆಯಲ್ಲಿ ಅಮ್ಮ ಬೊಚ್ಚುಬಾಯಲ್ಲೇ ಫೋನಿನ ಪಕ್ಕ ಕೂತಿದ್ದಳು. ಮದುವೆ ನಿಂತದ್ದನ್ನು ಮೊದಲು ದೊಡ್ಡಮ್ಮನಿಗೆ ಹೇಳಬೇಕು. ದೊಡ್ಡಮ್ಮನಿಗೆ ಹೇಳಿದರೆ ಉಳಿದವರಿಗೆಲ್ಲ ತಾನಾಗಿ ತಲುಪುತ್ತದೆ. ಆದರೆ ಏನೆಂದು ಹೇಳುವುದು? ಹುಡುಗನಿಗೆ ಬೇರೆ ಊರಿಗೆ ಹೋಗಬೇಕಂತೆ ಎನ್ನೋಣವೇ, ಹುಡುಗಿಗೆ ಈಗಲೇ ಮದುವೆ ಬೇಡವಂತೆ ಎನ್ನೋಣವೇ ಎಂದು ಅಮ್ಮ ಒಂದೊಂದೇ ಸುಳ್ಳನ್ನು ಅಳೆದು ನೋಡುತ್ತಿದ್ದಳು. ಇದ್ದದ್ದನ್ನು ಇದ್ದ ಹಾಗೆ ಹೇಳಿ ಎಂದು ತಂಗಿ ಮುಖ ತೊಳೆಯಲು ಹೋದಳು. ಕೊನೆಗೆ ಅಕ್ಕನೇ ಫೋನು ಮಾಡಿದಳು. ದೊಡ್ಡಮ್ಮ ಎಂದೂ ಯಾರ ಮಾತನ್ನೂ ಪೂರ್ತಿ ಕೇಳಿಸಿಕೊಂಡವಳಲ್ಲ. ಅವತ್ತು ಕೇಳಿಸಿಕೊಂಡಳು. ಗೊಂಬೆ, ಕತ್ತಿ, ಹಿಡಿ, ಹಲ್ಲು ಎಂದು ಅಕ್ಕ ಹೇಳಿ ಮುಗಿಸಿದಳು. ದೊಡ್ಡಮ್ಮ, ಅವಳಿಗೆ ಏನಾದ್ರೂ ತಿನ್ನೋಕೆ ಕೊಡ್ರೇ ಮೊದಲು ಎಂದು ಫೋನು ಇಟ್ಟಳು.

ತಂಗಿ ಕೊಟ್ಟದ್ದನ್ನು ತಿಂದಳು. ಹಸಿದಿದ್ದಳು, ಎರಡನೆಯ ಸಲ ಬಡಿಸಿಕೊಂಡಳು. ಎದುರಿಗೆ ಅಮ್ಮ ಅನ್ನವನ್ನು ಮೆತ್ತಗೆ ಕಿವುಚಿ ಒಸಡಿನಲ್ಲೇ ನುರಿಯುತ್ತಿದ್ದಳು. ಅಕ್ಕ ತನ್ನ ತಟ್ಟೆಯ ಮುಂದೆ ಕೂತಿದ್ದಳು. ತಂಗಿ ಅಗಿಯುವುದನ್ನು ನೋಡಬಾರದು ಎಂದುಕೊಂಡಷ್ಟೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಅವಳು ತಟ್ಟೆಯನ್ನು ಆಚೆ ಸರಿಸಿದಳು. ಅಂದಿನಿಂದ ಬಹಳ ಕಾಲ, ಬೀದಿಯಲ್ಲಿ, ಬಸ್ಸಿನಲ್ಲಿ, ಅಂಗಡಿಯಲ್ಲಿ ಯಾರಾದರೂ ಬಾಯ್ತುಂಬ ನಕ್ಕರೆ ಅವಳು ಮುಖ ಬೇರೆ ಕಡೆ ತಿರುಗಿಸಿಕೊಳ್ಳುತ್ತಿದ್ದಳು.